ರಂಬುಟಾನ್ ಮರ ಹೂ ಬಿಟ್ಟರೂ ಕಾಯಿ ಕಟ್ಟುತ್ತಿಲ್ಲವೇ? ಕಡಿಯುವ ಮೊದಲು ಹೂ ನೋಡಿ

ಪ್ರಶ್ನೆ: ನಮ್ಮದು ಬೆಳ್ತಂಗಡಿ ತಾಲೂಕು. ಎಂಟು ವರ್ಷದ ಹಿಂದೆ ನೆಂಟರ ಮನೆಯಲ್ಲಿ ತಿಂದ ರಂಬುಟಾನ್ ತುಂಬಾ ಚೆನ್ನಾಗಿತ್ತು ಅಂತ ಅದರ ಬೀಜ ತಂದು ಐದು ಗಿಡ ಮಾಡಿದೆ. ಮೂರು ಮರ ಎರಡು ವರ್ಷದಿಂದ ಮೈತುಂಬಾ ಹೂ ಬಿಡುತ್ತಿವೆ, ಒಂದು ಕಾಯಿಯೂ ಇಲ್ಲ. ಇನ್ನೊಂದರಲ್ಲಿ ಸಣ್ಣ ಕಾಯಿ ಆಗುತ್ತದೆ, ಹುಳಿ, ತಿರುಳು ಬೀಜಕ್ಕೆ ಅಂಟಿಕೊಂಡಿರುತ್ತದೆ. ಅಡಿಕೆ ಮರಗಳ ನಡುವೆ ಇರುವ ಐದನೆಯದು ಹೂವೇ ಬಿಟ್ಟಿಲ್ಲ. ತೆಂಗಿಗೆ ಹಾಕುವ ಹಾಗೆ ಬುಡಕ್ಕೆ ಉಪ್ಪು ಹಾಕಿ ಅಂದರು, ಹಾಕಿದೆ. ಈಗ ಎಲೆ ಅಂಚು ಒಣಗುತ್ತಿದೆ. ಕಾಂಡಕ್ಕೆ ಮೊಳೆ ಹೊಡೆಯಿರಿ ಅಂತಲೂ ಹೇಳುತ್ತಾರೆ. ಕಡಿದು ಬೇರೆ ಗಿಡ ನೆಡಲೇ? ಇದು ಅಂಟುವಾಳದ ಜಾತಿ ಅಂತ ಮಗಳು ಹೇಳುತ್ತಾಳೆ, ಹೌದಾ?

ಉತ್ತರ: ಮೊಳೆ ಹೊಡೆಯಬೇಡಿ. ಉಪ್ಪು ಇವತ್ತಿಗೇ ನಿಲ್ಲಿಸಿ. ಮರ ಕಡಿದು ಬುಡ ಕೀಳುವ ಯೋಚನೆಯನ್ನೂ ಬಿಡಿ. ಎಂಟು ವರ್ಷ ನೆಲಕ್ಕಿಳಿದ ಬೇರು ದೊಡ್ಡ ಆಸ್ತಿ. ಅದನ್ನು ಇಟ್ಟುಕೊಂಡೇ ಮೂರನೇ ವರ್ಷಕ್ಕೆ ಒಳ್ಳೆ ಹಣ್ಣು ತಿನ್ನುವ ದಾರಿ ಇದೆ.

ಆ ಮೂರು ಮರಗಳು ಬಹುಮಟ್ಟಿಗೆ ಗಂಡು. ಗಂಡು ಮರಕ್ಕೆ ಏನು ಹಾಕಿದರೂ ಕಾಯಿ ಕಟ್ಟುವುದಿಲ್ಲ, ಯಾಕೆಂದರೆ ಅದರ ಹೂವಿನಲ್ಲಿ ಕಾಯಿ ಆಗುವ ಭಾಗವೇ ಇರುವುದಿಲ್ಲ. ಬೀಜದಿಂದ ಎದ್ದ ರಂಬುಟಾನ್ ಗಿಡಗಳಲ್ಲಿ ನೂರಕ್ಕೆ 40ರಿಂದ 60 ಗಂಡಾಗಿರುತ್ತವೆ. ನಿಮ್ಮ ಐದರಲ್ಲಿ ಮೂರು ಅಂದರೆ ಲೆಕ್ಕ ಸರಿಯಾಗಿಯೇ ಇದೆ. ಕರಾವಳಿಯಲ್ಲೂ ಕೊಡಗಿನಲ್ಲೂ ಹಿತ್ತಿಲಿಗೆ ಒಂದರಂತೆ ಇಂಥ ಬೀಜದ ಮರಗಳಿವೆ. ಎಷ್ಟೋ ಮನೆಯವರು ಪ್ರತಿ ವರ್ಷ ಹೂ ನೋಡಿ ಆಸೆಪಟ್ಟು, ಗೊಬ್ಬರ ಸುರಿದು, ಕೊನೆಗೆ ಮಣ್ಣಿಗೋ ಹವೆಗೋ ದೂರು ಹಾಕಿ ಮರ ಕಡಿಯುತ್ತಾರೆ. ಯಾರಾದರೂ ಒಬ್ಬರು ಆ ಹೂವನ್ನು ಹತ್ತಿರದಿಂದ ನೋಡಿದ್ದರೆ ಸಾಕಿತ್ತು ಅಂತ ನನಗೆ ಬೇಸರವಾಗುತ್ತದೆ.

ಹಾಗಾಗಿ ಮೊದಲ ಕೆಲಸ ನೋಡುವುದು. ನಮ್ಮ ಕಡೆ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೂ ಬರುತ್ತದೆ. ಬೆಳಿಗ್ಗೆ ಹೊತ್ತು ಒಂದೊಂದು ಮರದಿಂದ ಒಂದು ಹೂಗೊಂಚಲು ಮುರಿದು ತನ್ನಿ. ಬಿಳಿ ಕಾಗದದ ಮೇಲೆ ಹರಡಿ. ಕೈಯಲ್ಲಿ ಹಿಡಿಯುವ ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಹೂ ತೀರಾ ಸಣ್ಣದು, ಹಸಿರು ಮಿಶ್ರಿತ ಬಿಳಿ. ಎಸಳು ಹುಡುಕಿದರೂ ಸಿಗುವುದಿಲ್ಲ. ಗಂಡು ಹೂವಾದರೆ ಐದಾರು ಬಿಳಿ ಕೇಸರಗಳು ಉದ್ದಕ್ಕೆ ಹೊರಗೆ ಚಾಚಿರುತ್ತವೆ, ತುದಿಯಲ್ಲಿ ಹಳದಿ ಪುಡಿ ಇರುತ್ತದೆ. ನಡುಭಾಗ ಖಾಲಿ. ಕಾಯಿ ಕಟ್ಟುವ ಹೂವಾದರೆ ನಡುವೆ ರೋಮವಿರುವ ಹಸಿರು ಉಬ್ಬು ಕಾಣುತ್ತದೆ, ಎರಡು ಗುಂಡು ಜೋಡಿಸಿದ ಹಾಗೆ. ಅದರ ತಲೆಯ ಮೇಲಿನ ಶಲಾಕೆ, ಅಂದರೆ ಪರಾಗ ಹಿಡಿಯುವ ಕಡ್ಡಿ, ಎರಡಾಗಿ ಸೀಳಿ ಅತ್ತ ಇತ್ತ ಸುರುಳಿಯಾಗಿರುತ್ತದೆ. ಸುತ್ತ ಕೇಸರಗಳು ಇರುತ್ತವೆ, ಆದರೆ ಗಿಡ್ಡ. ಹೆಚ್ಚಿನವು ಒಡೆಯುವುದೇ ಇಲ್ಲ, ಪುಡಿ ಉದುರಿಸುವುದೂ ಇಲ್ಲ.

ಅಂದರೆ ಇವುಗಳಲ್ಲಿ ನೋಡಲಿಕ್ಕೆ ಎರಡೂ ಅಂಗ ಇದ್ದರೂ ಹೂ ಕೆಲಸ ಮಾಡುವುದು ಹೆಣ್ಣಾಗಿ. ಒಳ್ಳೆಯ ಕಸಿ ತಳಿಗಳಲ್ಲಿ ಇಂಥ ಹೂಗಳ ನಡುವೆ ಅಲ್ಲೊಂದು ಇಲ್ಲೊಂದು ಪರಾಗ ಕೊಡುವ ಹೂವೂ ಇರುತ್ತದೆ. ಹಾಗಾಗಿ ಒಂಟಿ ಕಸಿ ಮರವೂ ಕಾಯಿ ಕಟ್ಟುತ್ತದೆ. ಆದರೂ ಹತ್ತಿರದಲ್ಲಿ ಒಂದು ಗಂಡು ಮರವೋ ಗಂಡು ಕೊಂಬೆಯೋ ಇದ್ದರೆ ಫಸಲು ನಿಶ್ಚಿಂತೆ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮಗಳು ಹೇಳಿದ್ದು ಸರಿ, ಮತ್ತು ಅದು ಸುಮ್ನೆ ಹೇಳುವ ಮಾತಲ್ಲ. ಅಂಟುವಾಳ, ಸಾಗಡೆ, ಗುಡ್ಡದ ಬಂದರಿಕೆ, ಲಿಚ್ಚಿ, ಲೊಂಗಾನ್ ಎಲ್ಲ ಒಂದೇ ಕುಟುಂಬ. ಅಂಟುವಾಳದಲ್ಲಿ ನಾವು ಸಿಪ್ಪೆಯ ನೊರೆಗಾಗಿ ಕಾಯಿ ಆರಿಸುತ್ತೇವೆ. ರಂಬುಟಾನ್ ಮತ್ತು ಲಿಚ್ಚಿಯಲ್ಲಿ ತಿನ್ನುವುದು ಬೀಜವನ್ನು ಸುತ್ತಿಕೊಂಡಿರುವ ರಸದ ಪದರ. ರಂಬುಟಾನ್ ಸೇರಿರುವುದು ನೆಫೀಲಿಯಮ್ ಅನ್ನುವ ಕುಲಕ್ಕೆ. ಅದರಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜಾತಿಗಳಿವೆ, ಹೆಚ್ಚಿನವು ಮಲೇಷ್ಯಾ, ಸುಮಾತ್ರಾ, ಬೋರ್ನಿಯೊ ಕಡೆಯ ಮಳೆಕಾಡಿನವು. ಈಗ ನಮ್ಮ ನರ್ಸರಿಗಳಲ್ಲೂ ಸಿಗುವ ಪುಲಾಸಾನ್ ಇದೇ ಕುಲದ್ದು. ಅದರ ಹಣ್ಣಿನ ಮೈಮೇಲೆ ಉದ್ದ ಕೂದಲಿನ ಬದಲು ಮೊಂಡು ಮುಳ್ಳುಗಳು. ಅದರಲ್ಲೂ ಗಂಡು ಹೆಣ್ಣಿನ ತಾಪತ್ರಯ ಇದೆ, ಬೀಜದ ಗಿಡ ಕೊಳ್ಳಬೇಡಿ.

ಈ ನೆಂಟಸ್ತಿಕೆಯಲ್ಲಿ ನಿಮ್ಮ ಪ್ರಶ್ನೆಗೆ ಬೇಕಾದ ವಿಷಯವೊಂದಿದೆ. ಈ ಕುಟುಂಬದ ಹೆಚ್ಚಿನ ಮರಗಳು ಗಂಡು ಹೂವನ್ನೂ ಹೆಣ್ಣು ಹೂವನ್ನೂ ಬೇರೆ ಬೇರೆ ಮಾಡಿಕೊಂಡಿವೆ. ಲಿಚ್ಚಿಯಲ್ಲಿ ಎರಡೂ ಒಂದೇ ಗೊಂಚಲಿನಲ್ಲಿ ಸರದಿಯಂತೆ ಅರಳುತ್ತವೆ. ಹಾಗಾಗಿ ಬೀಜದಿಂದ ಎದ್ದ ಲಿಚ್ಚಿಯೂ ತಡವಾಗಿಯಾದರೂ ಕಾಯಿ ಬಿಡುತ್ತದೆ. ರಂಬುಟಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗಂಡನ್ನು ಬೇರೆ ಮರವನ್ನಾಗಿಯೇ ಮಾಡಿದೆ. ಕಾಡಿನಲ್ಲಿ ಇದರಿಂದ ತೊಂದರೆಯೇನೂ ಇಲ್ಲ, ಸುತ್ತ ನೂರು ಮರ ಇರುತ್ತವೆ. ಹಿತ್ತಿಲಲ್ಲಿ ಐದೇ ಗಿಡ ನೆಟ್ಟವರಿಗೆ ಕಷ್ಟ. ಅಂದ ಹಾಗೆ, ಲಿಚ್ಚಿಗೆ ಹೂ ಬಿಡಲು ಚಳಿ ಬೇಕು, ಅದಕ್ಕೇ ಅದು ನಮ್ಮ ಕರಾವಳಿಯಲ್ಲಿ ಒಗ್ಗುವುದಿಲ್ಲ. ರಂಬುಟಾನ್‌ಗೆ ಚಳಿಯೇ ಆಗದು. 22ರಿಂದ 30 ಡಿಗ್ರಿ ಶಾಖ, ತುಂಬಾ ಮಳೆ, ಹುಳಿ ಮಣ್ಣು ಅದಕ್ಕೆ ಇಷ್ಟ. ಬೆಳ್ತಂಗಡಿಯ ಹವೆ ಅದಕ್ಕೆ ತವರಿನ ಹಾಗೆಯೇ, ಬೇಸಿಗೆಯ ಒಣಹವೆ ಒಂದು ಬಿಟ್ಟು.

ಈಗ ನಾಲ್ಕನೇ ಮರದ ವಿಷಯ. ಅದು ಕಾಯಿ ಬಿಡುತ್ತಿದೆ, ಪಕ್ಕದ ಗಂಡು ಮರಗಳಿಂದ ಪರಾಗ ಬೇಕಾದಷ್ಟು ಸಿಗುತ್ತಿದೆ. ಹಣ್ಣು ಹುಳಿ ಮತ್ತು ತಿರುಳು ಬಿಡಿಸಲಾಗದ್ದು ಅನ್ನುವುದು ಆ ಮರದ ಹುಟ್ಟುಗುಣ. ನೆಂಟರ ಮನೆಯ ಹಣ್ಣು ಎಷ್ಟೇ ಸಿಹಿಯಾಗಿದ್ದರೂ ಅದರ ಬೀಜದಲ್ಲಿ ಎರಡು ಮರಗಳ ಗುಣ ಬೆರೆತಿರುತ್ತದೆ. ಬೀಜದ ಗಿಡ ತಾಯಿಯ ಹಾಗೆ ಬರುವುದು ಅಪರೂಪ. ಥಾಯ್ಲೆಂಡಿನಲ್ಲಿ ಈಗ ತುಂಬಾ ಬೆಳೆಯುವ ರೊಂಗ್ರಿಯೆನ್ ತಳಿಯ ಕಥೆಯೂ ಇದನ್ನೇ ಹೇಳುತ್ತದೆ. 1920ರ ದಶಕದಲ್ಲಿ ಪೆನಾಂಗಿನಿಂದ ಬಂದ ತವರದ ಗಣಿಯ ಉದ್ಯಮಿಯೊಬ್ಬರು ಸೂರತ್ ಥಾನಿ ಪ್ರಾಂತದ ನಾಸಾನ್‌ನಲ್ಲಿ ಮನೆಯ ಪಕ್ಕ ರಂಬುಟಾನ್ ಬೀಜ ಹಾಕಿದರು. ಎದ್ದ ಗಿಡಗಳಲ್ಲಿ ಒಂದರ ಹಣ್ಣು ಮಾತ್ರ ಬೇರೆಯೇ ರುಚಿ, ತಿರುಳೂ ಬೀಜದಿಂದ ಸಲೀಸಾಗಿ ಬಿಡುತ್ತಿತ್ತು. ಆ ಮನೆ ಮುಂದೆ ಶಾಲೆಯಾಯಿತು, ಮರ ಅಂಗಳದಲ್ಲಿ ಉಳಿಯಿತು. ಅದರ ಕಣ್ಣು, ಅಂದರೆ ಕಡ್ಡಿಯ ಮೇಲೆ ಚಿಗುರೊಡೆಯುವ ಮೊಗ್ಗು, ತೆಗೆದು ಕಸಿ ಮಾಡಿದ ಮೇಲೆಯೇ ಆ ರುಚಿ ದೇಶಕ್ಕೆಲ್ಲ ಹರಡಿದ್ದು. ಬೀಜ ಹಾಕಿ ಅಂಥ ಮರ ಪಡೆಯುವುದು ಅದೃಷ್ಟ. ಸಿಕ್ಕ ಅಂಥ ಮರವನ್ನು ಉಳಿಸಿಕೊಳ್ಳಲು ಕಸಿಯೇ ಬೇಕು.

ನೀವು ಮಾಡಬೇಕಾದ್ದೂ ಅದೇ. ಗಂಡು ಮರದ ಬುಡ ಉಳಿಸಿಕೊಂಡು ಮೇಲೆ ಒಳ್ಳೆ ತಳಿಯ ಕಣ್ಣು ಕೂರಿಸುವುದು. ತಳಿಗೆ ಎರಡು ದಾರಿ ಇದೆ. ಕೇರಳದಲ್ಲಿ, ಅಲ್ಲಿಂದ ನಮ್ಮ ಜಿಲ್ಲೆಗೂ ಬಂದು ಹೆಸರು ಮಾಡಿರುವುದು ಎನ್-18. ಕೆಂಪು ಹಣ್ಣು, ದಪ್ಪ ತಿರುಳು, ಬೀಜದಿಂದ ಚೆನ್ನಾಗಿ ಬಿಡುತ್ತದೆ. ಇನ್ನೊಂದು ಕೊಡಗಿನ ಚೆಟ್ಟಳ್ಳಿಯಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಬಿಡುಗಡೆ ಮಾಡಿದ ಅರ್ಕಾ ಕೂರ್ಗ್ ಅರುಣ್. ಇದೂ ಕೆಂಪು, ಮರ ಅಡಕವಾಗಿ ಬೆಳೆಯುತ್ತದೆ. ಅದೇ ಕೇಂದ್ರದಿಂದ ಹಳದಿ ಹಣ್ಣಿನ ತಳಿಯೂ ಬಂದಿದೆ. ಮನೆಗೆ ಆದರೆ ಯಾವುದಾದರೂ ಸರಿ. ಮಾರುವ ಯೋಚನೆ ಇದ್ದರೆ ಕೆಂಪೇ ಇರಲಿ, ಪೇಟೆಯಲ್ಲಿ ಗಿರಾಕಿ ಬಣ್ಣ ನೋಡಿ ಕೈ ಹಾಕುತ್ತಾನೆ.

ಕೆಲಸದ ಕ್ರಮ ಹೀಗಿರಲಿ. ಈಗ ಹೂ ನೋಡಿ ಗಂಡು ಮರಗಳಿಗೆ ಬಣ್ಣದ ಗುರುತು ಹಾಕಿ. ಹೂ ಹೋದ ಮೇಲೆ ಯಾವುದು ಏನು ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ, ಎಲೆ ಎಲ್ಲ ಒಂದೇ ಥರ. ಮೇ ಕೊನೆಗೋ ಜೂನ್ ಸುರುವಿಗೋ ಒಂದೆರಡು ಮಳೆ ಬಿದ್ದು ನೆಲ ತಂಪಾದ ಮೇಲೆ ಕಾಂಡವನ್ನು ನೆಲದಿಂದ ಸುಮಾರು ಮೂರು ಅಡಿ ಎತ್ತರದಲ್ಲಿ ಗರಗಸದಿಂದ ಕೊಯ್ಯಿರಿ. ಓರೆಯಾಗಿ ಕೊಯ್ದರೆ ನೀರು ನಿಲ್ಲುವುದಿಲ್ಲ. ಕೊಯ್ದ ಮುಖಕ್ಕೆ ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ಮುಲಾಮು ಹಚ್ಚಿ. ಅಡಿಕೆಗೆ ಬೋರ್ಡೋ ಹೊಡೆಯುವ ಮನೆಯಲ್ಲಿ ಅದಕ್ಕೇನೂ ಬರ ಇರುವುದಿಲ್ಲ, ಅಲ್ವಾ? ಕೆಳಗಡೆ ಒಂದು ಕೊಂಬೆ ಇದ್ದರೆ ಅದನ್ನು ಹಾಗೇ ಬಿಡಿ. ಬೇರಿಗೆ ಊಟ ಕೊಡುವ ಎಲೆ ಸ್ವಲ್ಪವಾದರೂ ಬೇಕು. ಕೊಂಬೆ ಇಲ್ಲದ ಬೋಳು ಕಾಂಡವಾದರೆ ಸುಣ್ಣ ಬಳಿಯಿರಿ, ಇಲ್ಲದಿದ್ದರೆ ಬಿಸಿಲಿಗೆ ತೊಗಟೆ ಸೀಳುತ್ತದೆ.

ಕೆಲವು ವಾರದಲ್ಲಿ ಕಾಂಡದ ಸುತ್ತ ಚಿಗುರು ಒಡೆಯುತ್ತದೆ. ಬಲವಾದ ಮೂರು ನಾಲ್ಕು ಬಿಟ್ಟು ಉಳಿದದ್ದನ್ನು ಚಿವುಟಿ. ಅವು ಪೆನ್ಸಿಲಿಗಿಂತ ಸ್ವಲ್ಪ ದಪ್ಪವಾಗುವ ಹೊತ್ತಿಗೆ, ಹೆಚ್ಚಾಗಿ ಸೆಪ್ಟೆಂಬರ್‌ನಲ್ಲಿ, ಮಳೆಯೂ ಬಿಡುವು ಕೊಡುತ್ತದೆ. ಆಗ ಕಣ್ಣು ಕಸಿ. ಜಡಿಮಳೆಯಲ್ಲಿ ಮಾಡಿದರೆ ನೀರು ಒಳಗಿಳಿದು ಕಣ್ಣು ಕೊಳೆಯುತ್ತದೆ.

ಕಣ್ಣು ಆರಿಸುವಲ್ಲಿಯೇ ಅರ್ಧ ಗೆಲುವು. ಎಳೆ ಹಸಿರು ಕಡ್ಡಿ ಬೇಡ. ಕಂದು ಬಣ್ಣಕ್ಕೆ ತಿರುಗಿದ, ಎಲೆ ಉದುರಿ ಕಣ್ಣು ಸ್ವಲ್ಪ ಉಬ್ಬಿದ ಕಡ್ಡಿ ತನ್ನಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ದಿನವೇ ಮುಗಿಸಿ. ಚಿಗುರಿನ ತೊಗಟೆ ಚಾಕು ತಾಗಿಸಿದರೆ ಸಲೀಸಾಗಿ ಏಳಬೇಕು. ಎದ್ದರೆ ಮಾತ್ರ ಮುಂದುವರಿಯಿರಿ. ಒಂದು ಅಂಗುಲ ಉದ್ದದ ತೊಗಟೆ ತುಂಡು ಎಬ್ಬಿಸಿ, ಅಷ್ಟೇ ಅಳತೆಯ ಕಣ್ಣಿರುವ ತೊಗಟೆಯನ್ನು ಅಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ. ತಡ ಮಾಡಬೇಡಿ. ಇದರ ಕೊಯ್ದ ಮೈ ಗಾಳಿಗೆ ಬೇಗ ಕಪ್ಪಾಗುತ್ತದೆ, ಕಪ್ಪಾದರೆ ಬೆಸೆಯುವುದಿಲ್ಲ. ಮೂರು ವಾರ ಬಿಟ್ಟು ಪಟ್ಟಿ ಬಿಚ್ಚಿ ಉಗುರಿನಿಂದ ಮೆಲ್ಲಗೆ ಗೀರಿ ನೋಡಿ. ಹಸಿರು ಕಂಡರೆ ಹಿಡಿದಿದೆ. ಇನ್ನೊಂದೆರಡು ವಾರದ ಮೇಲೆ ಕಸಿಗಿಂತ ಮೇಲಿನ ಚಿಗುರನ್ನು ಕತ್ತರಿಸಿ, ಕಣ್ಣು ಏಳುತ್ತದೆ. ಹಿಡಿಯದಿದ್ದರೆ ಅದೇ ಚಿಗುರಿನ ಕೆಳಗೆ ಇನ್ನೊಮ್ಮೆ ಹಾಕಬಹುದು. ಕೈ ಪಳಗದವರಿಗೆ ಇದು ಸುಲಭದ ಕೆಲಸವಲ್ಲ. ರಬ್ಬರ್ ಗಿಡಕ್ಕೆ ಕಣ್ಣು ಕೂರಿಸುವ ಕೆಲಸದವರು ನಿಮ್ಮ ಕಡೆ ಇದ್ದಾರೆ, ಅವರನ್ನು ಕರೆಸಿ. ಕ್ರಮ ಹೆಚ್ಚುಕಡಿಮೆ ಒಂದೇ.

ಮೂರನ್ನೂ ಒಟ್ಟಿಗೆ ಪೂರ್ತಿ ಬದಲಾಯಿಸಬೇಡಿ. ಈ ವರ್ಷ ಎರಡು ಮಾಡಿ, ಒಂದು ಗಂಡು ಹಾಗೇ ಇರಲಿ. ಆ ಎರಡು ಮರಗಳು ಹೂ ಬಿಟ್ಟ ಮೇಲೆ ಮೂರನೆಯದರಲ್ಲಿ ಒಂದೇ ಕೊಂಬೆ ಗಂಡಾಗಿ ಉಳಿಸಿ ಉಳಿದದ್ದಕ್ಕೆ ಕಸಿ ಹಾಕಿ. ತೋಟಕ್ಕೆ ಅಷ್ಟು ಪರಾಗ ಸಾಕು. ಫಿಲಿಪ್ಪೀನ್ಸ್, ಥಾಯ್ಲೆಂಡಿನ ತೋಟಗಳಲ್ಲಿ ಗಂಡು ಮರವೇ ಇಲ್ಲದ ಕಡೆ ಕೆಲವೇ ಕೆಲವು ಗೊಂಚಲುಗಳಿಗೆ ಎನ್‌ಎಎ ಅನ್ನುವ ಹಾರ್ಮೋನು ಸಿಂಪಡಿಸಿ ಅವನ್ನು ಗಂಡಾಗಿ ತಿರುಗಿಸುತ್ತಾರೆ. ಕೈ ತಪ್ಪಿ ಜಾಸ್ತಿ ಹೊಡೆದರೆ ಇಡೀ ಮರ ಗಂಡಾಗಿ ಆ ವರ್ಷದ ಫಸಲೇ ಹೋಗುತ್ತದೆ. ನಿಮ್ಮಲ್ಲಿ ನಿಜವಾದ ಗಂಡು ಇರುವಾಗ ಅದರ ಗೊಡವೆ ಬೇಡ.

ಪರಾಗ ಇದ್ದರೆ ಸಾಲದು, ಹೊರುವವರೂ ಬೇಕು. ತುಡುವೆ ಮತ್ತು ಮುಜಂಟಿ ಜೇನಿಗೆ ಈ ಹೂವೆಂದರೆ ಪ್ರಾಣ. ಒಂದೆರಡು ಮುಜಂಟಿ ಪೆಟ್ಟಿಗೆ ಇಟ್ಟರೆ ತೋಟಕ್ಕೂ ಒಳ್ಳೆಯದು. ಹೂವಿರುವಾಗ ಮಾತ್ರ ಕೀಟನಾಶಕ ಮುಟ್ಟಬೇಡಿ.

ನಾಲ್ಕನೇ ಮರವನ್ನು ಎರಡು ವರ್ಷ ಹಾಗೇ ಬಿಡಿ, ಮಕ್ಕಳು ತಿಂದುಕೊಳ್ಳಲಿ. ಮುಂದೆ ಬೇಕಾದರೆ ಅದಕ್ಕೂ ಕಸಿ ಹಾಕಿದರಾಯಿತು. ಐದನೆಯದಕ್ಕೆ ಬಿಸಿಲು ಸಾಲದು ಅಂತ ಕಾಣುತ್ತದೆ. ಅಡಿಕೆಯ ನೆರಳಿನಲ್ಲಿ ರಂಬುಟಾನ್ ಉದ್ದಕ್ಕೆ ಏರುತ್ತದೆಯೇ ಹೊರತು ಹೂ ಬಿಡುವುದು ಕಡಿಮೆ. ಅದರ ಹೂ ಬರುವುದು ಕೊಂಬೆಯ ತುದಿಯಲ್ಲಿ, ಆ ತುದಿಗೆ ಬಿಸಿಲು ಬೀಳಬೇಕು. ಗಿಡದಿಂದ ಗಿಡಕ್ಕೆ 8ರಿಂದ 10 ಮೀಟರ್ ಅಂತರ ಅದಕ್ಕೆ ಬೇಕು. ಅದು ಇರುವ ಜಾಗ ಬದಲಾಯಿಸಲಾಗದು. ಕಸಿ ಗಿಡ ಹೊಸದಾಗಿ ನೆಡುವುದಿದ್ದರೆ ತೆರೆದ ಗುಡ್ಡೆಯ ಇಳಿಜಾರಿನಲ್ಲಿ, ನೀರು ನಿಲ್ಲದ ಕಡೆ ನೆಡಿ. ಅದು ಮೂರು ನಾಲ್ಕು ವರ್ಷಕ್ಕೇ ಹೂ ಬಿಡುತ್ತದೆ.

ಇನ್ನು ಉಪ್ಪು. ತೆಂಗು ಉಪ್ಪು ತಡೆದುಕೊಳ್ಳುತ್ತದೆ, ರಂಬುಟಾನ್ ತಡೆದುಕೊಳ್ಳುವುದಿಲ್ಲ. ನೀವು ಹೇಳಿದ ಎಲೆಯ ಅಂಚು ಒಣಗುವುದು ಅದರದ್ದೇ ಗುರುತು. ತುದಿಯಿಂದ ಸುರುವಾಗಿ ಅಂಚಿನುದ್ದಕ್ಕೆ ಕಂದು ಏರುತ್ತದೆ. ಬುಡದ ಮೇಲ್ಮಣ್ಣಿನಲ್ಲಿ ಉಪ್ಪು ಇನ್ನೂ ಕಾಣುತ್ತಿದ್ದರೆ ಕೆರೆದು ತೆಗೆಯಿರಿ, ಒಳ್ಳೆಯ ನೀರನ್ನು ಧಾರಾಳವಾಗಿ ಹಾಯಿಸಿ. ಉಳಿದದ್ದನ್ನು ನಮ್ಮ ಮಳೆಗಾಲ ತೊಳೆಯುತ್ತದೆ. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಹೊಸ ಚಿಗುರು ಚೆನ್ನಾಗಿ ಬಂದರೆ ಗೆದ್ದಂತೆ. ಪೊಟ್ಯಾಷ್ ಕೊಡುವಾಗಲೂ ಮ್ಯೂರಿಯೇಟ್ ಬೇಡ, ಉಪ್ಪಿನ ಹಾಗೆ ಅದರಲ್ಲೂ ಕ್ಲೋರೈಡ್ ಇದೆ. ಸಲ್ಫೇಟ್ ರೂಪದ್ದು ತನ್ನಿ. ಹಟ್ಟಿಗೊಬ್ಬರ, ತರಗೆಲೆಯ ಹೊದಿಕೆ ಎಷ್ಟಿದ್ದರೂ ಒಳ್ಳೆಯದೇ. ಡಿಸೆಂಬರ್, ಜನವರಿಯಲ್ಲಿ ಮೂರು ನಾಲ್ಕು ವಾರ ನೀರು ಕಡಿಮೆ ಮಾಡಿದರೆ ಹೂ ಬರಲು ಪ್ರಚೋದನೆ ಸಿಗುತ್ತದೆ. ಗೊಂಚಲು ಹೊರಟ ಮೇಲೆ ನೀರು ತಪ್ಪಿಸಬೇಡಿ. ಕಾಯಿ ಇರುವಾಗ ಒಣಗಿಸಿ ಆಮೇಲೆ ಒಮ್ಮೆಲೇ ನೀರು ಕೊಟ್ಟರೆ ಕಾಯಿ ಉದುರುತ್ತದೆ, ಸಿಪ್ಪೆ ಸೀಳುತ್ತದೆ.

ಮುಂದೆ ಹಣ್ಣಾದಾಗ ಬೇಕಾಗುವ ಎರಡು ಮಾತು. ರಂಬುಟಾನ್ ಕೊಯ್ದ ಮೇಲೆ ಹಣ್ಣಾಗುವುದಿಲ್ಲ, ಮಾವಿನ ಹಾಗೆ ಹುಲ್ಲಿನಲ್ಲಿಟ್ಟರೆ ಪ್ರಯೋಜನವಿಲ್ಲ. ಮೈಯೆಲ್ಲ ಬಣ್ಣ ತಿರುಗಿದ ಮೇಲೆಯೇ ಗೊಂಚಲನ್ನು ತುದಿಕೊಂಬೆ ಸಮೇತ ಕತ್ತರಿಸಿ. ಆ ಕತ್ತರಿಸಿದ ಜಾಗದ ಕೆಳಗಿನಿಂದಲೇ ಮುಂದಿನ ವರ್ಷದ ಚಿಗುರು ಬರುತ್ತದೆ. ಕೂದಲಿನ ಮೂಲಕ ನೀರು ಬೇಗ ಆರುವುದರಿಂದ ಹೊರಗಿಟ್ಟರೆ ಎರಡು ಮೂರು ದಿನದಲ್ಲಿ ಕೂದಲು ಕಪ್ಪಾಗುತ್ತದೆ. ಒಳಗಿನ ತಿರುಳು ಆಗಲೂ ಚೆನ್ನಾಗಿಯೇ ಇರುತ್ತದೆ, ಆದರೆ ಕೊಳ್ಳುವವರು ಸಿಗುವುದಿಲ್ಲ.

ಬಣ್ಣ ತಿರುಗುವ ಮೊದಲೇ ಮರಕ್ಕೆ ಬಲೆ ಹೊದಿಸಿ. ಬಾವಲಿಗಳು ಒಂದೇ ರಾತ್ರಿಯಲ್ಲಿ ಖಾಲಿ ಮಾಡುತ್ತವೆ. ಬಾವಲಿ ಕಚ್ಚಿದ ಹಣ್ಣು, ಕೆಳಗೆ ಬಿದ್ದ ಹಣ್ಣು ಮನೆಯೊಳಗೆ ತರಲೇಬೇಡಿ. 2021ರ ಸೆಪ್ಟೆಂಬರ್‌ನಲ್ಲಿ ಕೋಯಿಕ್ಕೋಡಿನಲ್ಲಿ ನಿಪಾದಿಂದ ಬಾಲಕನೊಬ್ಬ ತೀರಿಕೊಂಡಾಗ ಮೊದಲ ಸಂಶಯ ಹೋದದ್ದು ಅವನು ತಿಂದಿದ್ದ ರಂಬುಟಾನ್ ಮೇಲೆ. ನಿಪಾ ವೈರಸ್ ಬಾವಲಿಯ ಜೊಲ್ಲಿನಲ್ಲಿ ಇರಬಲ್ಲದು. ಮರದಲ್ಲಿ ಬಲೆಯೊಳಗೆ ಬೆಳೆದ, ಸಿಪ್ಪೆಗೆ ಗಾಯವಿಲ್ಲದ ಹಣ್ಣನ್ನು ತೊಳೆದು ತಿಂದರೆ ಹೆದರಬೇಕಾಗಿಲ್ಲ. ಮತ್ತೊಂದು, ಸಣ್ಣ ಮಕ್ಕಳಿಗೆ ಇಡೀ ಹಣ್ಣು ಕೊಡಬೇಡಿ. ತಿರುಳು ಜಾರುತ್ತದೆ, ಬೀಜ ಸಮೇತ ಗಂಟಲಿಗೆ ಇಳಿದು ಉಸಿರು ಕಟ್ಟಿ ಮಕ್ಕಳು ಸತ್ತ ಸುದ್ದಿ ಕೇರಳದಿಂದ ಬಂದಿದೆ. ಬೀಜ ಬಿಡಿಸಿ, ತಿರುಳನ್ನು ತುಂಡು ಮಾಡಿ ಕೊಡಿ.

ಈ ವಾರ ಆ ಐದೂ ಮರದ ಕೆಳಗೆ ಹೋಗಿ ಬನ್ನಿ. ಮೂರರಲ್ಲಿ ಯಾವುದಾದರೂ ಒಂದರ ಹೂವಿನ ನಡುವೆ ಆ ಹಸಿರು ಉಬ್ಬು ಕಂಡರೆ ಆ ಮರಕ್ಕೆ ಗರಗಸ ಹಾಕಬೇಡಿ. ಅದರ ತೊಂದರೆ ಬೇರೆ ಇರುತ್ತದೆ. ಹೂಗೊಂಚಲಿನ ಮೇಲೆ ಬೂದಿ ಬಳಿದಂಥ ಬಿಳಿ ಪುಡಿ ಇದೆಯಾ ನೋಡಿ. ಇದ್ದರೆ ಅದು ಬೂದಿ ರೋಗ. ನೀರಿನಲ್ಲಿ ಕರಗುವ ಗಂಧಕ ತಂದು, ಹೂ ಅರಳುವ ಮೊದಲು, ಬಿಸಿಲು ಇಳಿದ ಮೇಲೆ ಸಿಂಪಡಿಸಿ.